ಹೇಳಬಾರದ ಒಂದು ಕಾರಣ

ನನ್ನನ್ನು ಕುರ್ಚಿಯಿಂದ ಎಬ್ಬಿಸುವುದು ಹೇಗೆ ಎಂದು ಕಲಿಯಲು ಆ ಹುಡುಗರು ಫೀಸು ಕಟ್ಟುತ್ತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಜಾರ್ಜಿಯಾ ರಾಜ್ಯದ ನಮ್ಮೂರಿನಲ್ಲಿ ಒಂದು ಲಾ ಕಾಲೇಜಿದೆ. ಅಲ್ಲಿ ಕೊನೆಯ ವರ್ಷ ‘ಕೋರ್ಟು ವಾದ ಮತ್ತು ಅಪೀಲು’ ಎಂಬ ವಿಶೇಷ ವಿಷಯ ತೆಗೆದುಕೊಂಡವರಿಗೆ ಶನಿವಾರ ಅಭ್ಯಾಸಕ್ಕೆಂದು ಸುಳ್ಳು ವಿಚಾರಣೆ ನಡೆಯುತ್ತಿತ್ತು. ಸುಳ್ಳು ಕಳ್ಳ, ಸುಳ್ಳು ಪೊಲೀಸು, ಸುಳ್ಳು ಸಾಕ್ಷಿ. ಕೂತು ಕೇಳಿ ತೀರ್ಪು ಹೇಳುವ ಜ್ಯೂರಿಗೆ ಮಾತ್ರ ನಿಜವಾದ ಜನ ಬೇಕಿತ್ತು. ಹಾಗಾಗಿ ಊರವರನ್ನು ಕರೆಯುತ್ತಿದ್ದರು. ನಮ್ಮ ಚರ್ಚಿನ ಬಾಗಿಲಿಗೂ ಒಂದು ಚೀಟಿ ಅಂಟಿಸಿದ್ದರು: ಬನ್ನಿ, ನ್ಯಾಯಕ್ಕೆ ನೆರವಾಗಿ, ಮಧ್ಯಾಹ್ನ ಊಟವಿದೆ.

ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಎಳೆಯರ ದನಿ ಕೇಳದೆ ಕಿವಿ ಬತ್ತಿದ ಹಾಗಾಗಿತ್ತು. ಹೋದೆ. ನನ್ನ ಜೊತೆ ಕ್ಲೀವನ್ ಗಿಬ್ಸ್ ಬಂದ. ಅವನು ಗಾರೆ ಕೆಲಸದವನು. ಆ ಕಾಲೇಜಿನ ಮುಂದಿನ ಮೆಟ್ಟಿಲು ಕಟ್ಟಿದವರಲ್ಲಿ ಅವನೂ ಒಬ್ಬ. ಬದುಕಿಡೀ ಮಂಡಿಯೂರಿ ಇಟ್ಟಿಗೆ ಜೋಡಿಸಿ ಈಗ ಅದೇ ಮೆಟ್ಟಿಲು ಹತ್ತಲು ಕಂಬಿ ಹಿಡಿದುಕೊಳ್ಳುತ್ತಾನೆ.

ಜ್ಯೂರಿಯ ಪದ್ಧತಿ ಹೀಗೆ. ವಿಚಾರಣೆ ಶುರುವಾಗುವ ಮೊದಲು ಎರಡೂ ಕಡೆಯ ವಕೀಲರು ಜನರನ್ನು ಪ್ರಶ್ನೆ ಕೇಳುತ್ತಾರೆ. ಬೇಡವೆನಿಸಿದ ಕೆಲವರನ್ನು ಕಾರಣ ಹೇಳದೆಯೇ ಕಳಿಸಿಬಿಡಬಹುದು. ಆದರೆ ಬಣ್ಣ ನೋಡಿ ಕಳಿಸುವಂತಿಲ್ಲ. ಕಾನೂನಿದೆ. ಬಣ್ಣ ನೋಡಿಯೇ ಕಳಿಸಿದ್ದಾರೆ ಎಂದು ಎದುರು ವಕೀಲ ಎದ್ದು ತಕರಾರು ಹೇಳಿದರೆ, ಆಗ ಕಾರಣ ಕೊಡಬೇಕು. ತಕರಾರನ್ನು ಆಗಲೇ ಹೇಳಬೇಕು. ಆವತ್ತು ಬಾಯಿ ಮುಚ್ಚಿಕೊಂಡು ಕೂತವರಿಗೆ ನಾಳೆ ಅಪೀಲಿನಲ್ಲಿ ಬಾಯಿಲ್ಲ.

ಈ ವಿದ್ಯೆಯನ್ನು ಕಲಿಸುತ್ತಿದ್ದವನು ಪ್ರೊಫೆಸರ್ ಕಲ್ಪೆಪರ್. ಬೆಳ್ಳಿ ಕೂದಲು, ಚಿಟ್ಟೆಯಂಥ ಬೋ ಟೈ, ಒಳ್ಳೆಯ ಕಂಠ.

"ಬಣ್ಣ ಅನ್ನೋದೊಂದು ಬಿಟ್ಟು ನಿಘಂಟಲ್ಲಿರೋ ಯಾವ ಪದ ಬೇಕಾದ್ರೂ ಬಳಸ್ಕೊಳ್ಳಿ," ಎನ್ನುತ್ತಿದ್ದ. ಕ್ಲಾಸು ನಗುತ್ತಿತ್ತು.

ನಾವು ಅಲ್ಲೇ ಕೂತಿರುತ್ತಿದ್ದೆವು. ಕುರ್ಚಿಗಳ ಎದುರಿಗೆ ಕುರ್ಚಿಗಳ ವಿಷಯ ಮಾತಾಡಿದರೆ ಏನು ತಪ್ಪು?

ಹುಡುಗರು ಚೆನ್ನಾಗಿಯೇ ಕಲಿತರು. ಒಂದು ಶನಿವಾರ ನಾನು ವಕೀಲನ ಕಣ್ಣಲ್ಲಿ ಕಣ್ಣಿಡಲಿಲ್ಲವೆಂದು ಎಬ್ಬಿಸಿದರು. ಮುಂದಿನ ಶನಿವಾರ ಕಣ್ಣಿಟ್ಟೆ. ದುರುಗುಟ್ಟಿದಳೆಂದು ಎಬ್ಬಿಸಿದರು. ಟೀಚರಾಗಿದ್ದವಳು, ಹುಡುಗರ ಮೇಲೆ ಕನಿಕರ ಜಾಸ್ತಿ. ಟೀಚರಾಗಿದ್ದವಳು, ಶಿಸ್ತು ಜಾಸ್ತಿ. ಕೈಚೀಲ ಬಿಗಿಯಾಗಿ ಹಿಡಿದಿದ್ದಾಳೆ, ಏನೋ ಅಂಜಿಕೆ ಇದೆ. ಕ್ಲೀವನ್ ಬೆಲ್ಟಿನ ಬದಲು ಭುಜಪಟ್ಟಿ ಹಾಕಿದ್ದಕ್ಕೆ ಒಮ್ಮೆ ಹೋದ. ಪಟ್ಟಿ ಬಿಟ್ಟು ಬೆಲ್ಟು ಹಾಕಿಕೊಂಡು ಬಂದಾಗ ಕೆಮ್ಮಿದ್ದಕ್ಕೆ ಹೋದ.

ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು.

"ಬರೋ ವಾರ ಉಸಿರಾಡ್ತಾನೆ ಅಂತ ಕಳಿಸ್ತಾರೆ ನೋಡ್ತಿರಿ," ಎಂದ ಕ್ಲೀವನ್.

"ಉಸಿರು ಬಿಗಿಹಿಡ್ಕೊಂಡಿರಿ."

"ಹಿಡ್ಕೊಂಡ್ರೆ ಸತ್ತಿದಾನೆ ಅಂತ ಕಳಿಸ್ತಾರೆ ಮಿಸ್ ಅರ್ನೆಟಾ."

ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಆದರೆ ನನ್ನ ಪಕ್ಕ ಕೂರುತ್ತಿದ್ದ ಬಿಳಿಯ ಹೆಂಗಸು ಕಲ್ಪೆಪರ್‌ಗೆ ಯಾವಾಗಲೂ ಮಿಸೆಸ್ ಹ್ಯಾಲೊವೆಲ್. ಆಕೆಗಿಂತ ಹಿರಿಯಳಾದ ನಾನು ಬರೀ ಅರ್ನೆಟಾ. ಕಿವಿಯಿದ್ದವರಿಗೆ ನೀನು ಯಾವುದು, ನೀವು ಯಾವುದು ಎಂದು ತಿಳಿಯಲು ಅಷ್ಟು ಸಾಕು. ನಾನೂ ಇಲ್ಲಿ ಅವನನ್ನು ಅವನು ಎಂದೇ ಬರೆಯುತ್ತೇನೆ. ಕಾರಣ ಕೇಳಬೇಡಿ.

ಆ ಕ್ಲಾಸಿನಲ್ಲಿ ಒಬ್ಬಳೇ ಕರಿಯ ಹುಡುಗಿ. ರೊಶೆಲ್ ಬ್ಯಾಸ್ಕಮ್. ನಮ್ಮ ಬೀದಿಯವಳು, ನನ್ನ ಕೈಯಲ್ಲಿ ಕಲಿತವಳು. ಬೆಳಗಿನ ಜಾವ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕುದಿಯುವ ಹಬೆಯ ಮುಂದೆ ನಿಂತು ಬಟ್ಟೆ ಎಳೆಯುವುದು, ಒತ್ತುವುದು, ಮಡಿಸುವುದು. ಮುಂಗೈಯೆಲ್ಲ ಸುಟ್ಟ ಗೆರೆ. ಬಾಯಲ್ಲಿ ವಾದ, ಕೈಯಲ್ಲಿ ಇಸ್ತ್ರಿ. ಜೊತೆಗೆಲಸದ ಹೆಂಗಸರೇ ಅವಳ ಮೊದಲ ಜಡ್ಜುಗಳು. "ಏನೇ ಲಾಯರಮ್ಮಾ, ದಿಂಬಿನ ಕವರಿಗೆ ಜಾಮೀನು ಸಿಕ್ತಾ?" ಎಂದು ಕೀಟಲೆ ಮಾಡುತ್ತಿದ್ದರಂತೆ. ಪರೀಕ್ಷೆಯ ವಾರ ಅವಳ ಪಾಲಿನ ಗಂಟುಗಳನ್ನೂ ತಾವೇ ಹಂಚಿಕೊಂಡು ಒತ್ತುತ್ತಿದ್ದರು. ಅದನ್ನು ಯಾವ ಕಾಲೇಜೂ ವಿದ್ಯಾರ್ಥಿವೇತನ ಎಂದು ಕರೆಯಲಿಲ್ಲ.

ಅವಳು ಈ ವಿಷಯವನ್ನೇ ಆರಿಸಿಕೊಂಡದ್ದು ಅಪ್ಪನಿಗಾಗಿ. ಡೆಲ್ಮರ್ ಬ್ಯಾಸ್ಕಮ್ ಕಾಗದದ ಮಿಲ್ಲಿನಲ್ಲಿ ರಾತ್ರಿಪಾಳಿಯವನಾಗಿದ್ದ. ಅಂಗಡಿ ದರೋಡೆಯ ಕೇಸಿನಲ್ಲಿ ಹಿಡಿದರು. ಆಗ ರೊಶೆಲ್ ಚಿಕ್ಕವಳು. ಜ್ಯೂರಿಗೆ ಬಂದ ಕರಿಯರನ್ನೆಲ್ಲ ಸರ್ಕಾರಿ ವಕೀಲ ಒಬ್ಬೊಬ್ಬರನ್ನಾಗಿ ಕಳಿಸಿದ. ಡೆಲ್ಮರನ ವಕೀಲ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತಿದ್ದ. ಬಿಳಿಯರದೇ ಜ್ಯೂರಿ ಊಟಕ್ಕೆ ಮುಂಚೆ ತೀರ್ಪು ಕೊಟ್ಟಿತು. ಆಮೇಲೆ ಅಪೀಲು ಹೋದರೆ ಮೇಲಿನ ಕೋರ್ಟು ಹೇಳಿತು: ಆವತ್ತೇ ತಕರಾರು ಹೇಳಬೇಕಿತ್ತು. ಹೇಳಿಲ್ಲ. ಈಗ ಕೇಳುವಂತಿಲ್ಲ. ಅನ್ಯಾಯ ಆಗಿಲ್ಲವೆಂದು ಅವರು ಹೇಳಲಿಲ್ಲ, ನೋಡಿ. ಹೊತ್ತಿಗೆ ಸರಿಯಾಗಿ ದೂರಲಿಲ್ಲವೆಂದರು. ಡೆಲ್ಮರ್ ಒಳಗೇ ಉಳಿದ.

ಕಾಲೇಜಿಗೆ ಒಂದು ಅಪೀಲು ಕ್ಲಿನಿಕ್ಕು ಇತ್ತು. ಆಯ್ದ ವಿದ್ಯಾರ್ಥಿಗಳು ಪ್ರೊಫೆಸರನ ಕೈಕೆಳಗೆ ನಿಜವಾದ ಕೈದಿಗಳ ಕೇಸು ಹಿಡಿದು, ನಿಜವಾದ ಮೇಲಿನ ಕೋರ್ಟಿನಲ್ಲಿ ನಿಂತು ವಾದಿಸಬಹುದಿತ್ತು. ಯಾರನ್ನು ಆರಿಸಬೇಕು, ಯಾವ ಕೇಸು ತೆಗೆದುಕೊಳ್ಳಬೇಕು ಎನ್ನುವುದೆಲ್ಲ ಕಲ್ಪೆಪರನ ಇಷ್ಟ. ಅಂತಿಮ ಪರೀಕ್ಷೆಯ ಸುಳ್ಳು ವಿಚಾರಣೆಯಲ್ಲಿ ಗೆದ್ದರೆ ಅವಳಿಗೆ ಜಾಗ ಕೊಡುವುದಾಗಿ ಹೇಳಿದ್ದ. ಅವಳ ಅಪ್ಪನ ಕಡತವನ್ನೂ ಕ್ಲಿನಿಕ್ಕಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದ.

ಪರೀಕ್ಷೆಯ ಹಿಂದಿನ ಸಂಜೆ ರೊಶೆಲ್ ನನ್ನ ಅಡುಗೆಮನೆಗೆ ಬಂದಳು. ನಾನು ಅಲಸಂದೆ ಸುಲಿಯುತ್ತಿದ್ದೆ. ಕೇಳದೆಯೇ ಕೂತು ಅವಳೂ ಒಂದು ಹಿಡಿ ಎಳೆದುಕೊಂಡಳು.

"ಮಿಸ್ ಅರ್ನೆಟಾ, ನಾಳೆ ನಾನು ಸರ್ಕಾರದ ಕಡೆ."

"ಒಳ್ಳೇದಾಯ್ತು."

"ನಿಮ್ಮನ್ನ ಎಬ್ಬಿಸ್ಬೇಕು. ಗಿಬ್ಸ್ ಅವರನ್ನೂ."

"ಎಲ್ರೂ ಎಬ್ಬಿಸ್ತಾರೆ ಮಗಳೇ. ನೀನು ಎಬ್ಬಿಸಿದ್ರೆ ಮನೆಯವರೇ ಎಬ್ಬಿಸಿದ ಹಾಗೆ."

ಅವಳು ನಗಲಿಲ್ಲ. "ನನಗೇ ಯಾಕೆ ಸರ್ಕಾರದ ಕಡೆ ಕೊಟ್ರು ಗೊತ್ತಾ? ಕರಿ ಹುಡುಗಿಯೇ ಕರಿಯರನ್ನ ಕಳಿಸಿದ್ರೆ ಯಾವ ಜಡ್ಜೂ ಅನುಮಾನ ಪಡಲ್ಲವಂತೆ. ‘ನಿನ್ನ ಮೈಬಣ್ಣವೇ ನಿನಗೆ ಬಂಡವಾಳ ಕಣಮ್ಮ’ ಅಂದ್ರು. ಹೊಗಳಿದ್ದಂತೆ ಅದು."

"ನೀನೇನಂದೆ?"

"ಥ್ಯಾಂಕ್ಯೂ ಸರ್ ಅಂದೆ."

ಕಾಳು ಬಟ್ಟಲಿಗೆ ಬೀಳುವ ಸದ್ದು ಕೇಳುತ್ತಿತ್ತು.

"ಅಪ್ಪನ ಕಡತ?" ಎಂದೆ.

"ನಾಳೆ ಚೆನ್ನಾಗಿ ಮಾಡಿದ್ರೆ ಸೋಮವಾರ ತೆಗೀತಾರಂತೆ."

"ಹಾಗಾದ್ರೆ ಎಬ್ಬಿಸು. ನಾನು ಜಾಗ್ರತೆ ಏಳ್ತೀನಿ. ಮುದುಕಿ ನಿಧಾನ ಮಾಡಿದ್ಲು ಅಂತ ನಿನ್ನ ಮಾರ್ಕು ಕಡಿಮೆ ಆಗೋದು ಬೇಡ."

ಅವಳು ನನ್ನ ಕೈ ಹಿಡಿದುಕೊಂಡಳು. ಸುಟ್ಟ ಚರ್ಮ ಒರಟಾಗಿತ್ತು. "ನನ್ನನ್ನ ಕ್ಷಮಿಸ್ಬಿಡಿ," ಎಂದಳು.

"ಕ್ಷಮಿಸಿದ್ದೀನಿ. ಸಿಪ್ಪೆ ಆ ಬುಟ್ಟಿಗೆ ಹಾಕು."

ಮರುದಿನ ಸುಳ್ಳು ಕೋರ್ಟು ನಿಜದ ಕೋರ್ಟಿಗಿಂತ ಚೆಂದವಾಗಿತ್ತು. ಹಿಂದಿನ ಸಾಲುಗಳಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ದೊಡ್ಡ ದೊಡ್ಡ ವಕೀಲರು. ಪೀಠದ ಮೇಲೆ ಮೇಲಿನ ಕೋರ್ಟಿನಿಂದ ನಿವೃತ್ತನಾದ ಜಡ್ಜ್ ಬ್ರಾಂಟ್ಲಿ, ಕಪ್ಪು ನಿಲುವಂಗಿ ಹಾಕಿಕೊಂಡೇ ಕೂತಿದ್ದ. ನಿವೃತ್ತಿಯ ನಂತರ ನಾನು ಭೂಪಟ ಹೊತ್ತು ತಿರುಗಲಿಲ್ಲ. ಅವರವರ ಇಷ್ಟ.

ಆರೋಪಿಯ ಕಡೆಗೆ ವೆಸ್ಲಿ ಎಂಬ ಬಿಳಿಯ ಹುಡುಗ. ಒಳ್ಳೆಯ ಹುಡುಗ. ಪ್ರತಿ ಶನಿವಾರ ನನಗೆ ಕುರ್ಚಿ ಎಳೆದುಕೊಡುವವನು ಅವನೇ. ನನ್ನ ಟೀಗೆ ಎಷ್ಟು ಸಕ್ಕರೆ ಎಂದು ನೆನಪಿಟ್ಟುಕೊಂಡವನು. ಆವತ್ತು ಕುರ್ಚಿ ಗಟ್ಟಿಯಿದೆಯೆಂದು ತನ್ನ ಮೇಲ್ಕೋಟು ಮಡಿಸಿ ನನ್ನ ಬೆನ್ನಿಗೆ ಇಟ್ಟ. "ಆರಾಮಾಯ್ತಾ ಮೇಡಂ?" ಎಂದ. ಆರಾಮಾಗಿಯೇ ಇತ್ತು.

ರೊಶೆಲ್‌ಳ ಬಿಳಿ ಶರ್ಟಿನ ತೋಳಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ಇಡೀ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಇಸ್ತ್ರಿಯಾದ ಬಟ್ಟೆ ಇನ್ನೊಂದಿರಲಿಲ್ಲ. ಪ್ರಶ್ನೆಗಳನ್ನು ಕೇಳಿ ಮುಗಿಸಿದಳು. ದನಿ ನೆಟ್ಟಗಿತ್ತು. ಕಲ್ಪೆಪರ್ ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದ.

"ಮಿಸ್ಟರ್ ಗಿಬ್ಸ್ ಅವರಿಗೆ ಸರ್ಕಾರ ಧನ್ಯವಾದ ಹೇಳುತ್ತದೆ," ಎಂದಳು. ಎಬ್ಬಿಸಿ ಕಳಿಸುವಾಗ ಹಾಗೆ ಹೇಳಬೇಕು.

ಕ್ಲೀವನ್ ಮುಂದಿನ ಕಟಕಟೆ ಹಿಡಿದು ಎದ್ದ. ಮಂಡಿ ಲಟಕ್ಕೆಂದಿತು. ಹಿಂದಿನ ಸಾಲಿಗೂ ಕೇಳಿಸಿತು. "ನನ್ನ ಮಂಡಿಗೂ ಒಂದು ಧನ್ಯವಾದ ಹೇಳಮ್ಮ, ಅದೂ ನನ್ನ ಜೊತೆ ಬಂದಿತ್ತು," ಎಂದ. ಯಾರೋ ನಕ್ಕರು. ಕಾಲೆಳೆಯುತ್ತ ಬಾಗಿಲವರೆಗೆ ನಡೆದ. ರೊಶೆಲ್ ಅವನನ್ನೇ ನೋಡುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೂ ಬಾಗಿಲನ್ನೇ ನೋಡುತ್ತಿದ್ದಳು.

"ಮಿಸ್ ಬ್ಯಾಸ್ಕಮ್?" ಎಂದ ಜಡ್ಜ್.

"ಮಿಸ್ ಟಾಲಿವರ್ ಅವರಿಗೆ ಸರ್ಕಾರ ಧನ್ಯವಾದ ಹೇಳುತ್ತದೆ."

ಟಾಲಿವರ್ ನಾನು. ಕೈಚೀಲ ಎತ್ತಿಕೊಂಡೆ.

ವೆಸ್ಲಿ ಎದ್ದ. ಅದು ಅವನ ಪರೀಕ್ಷೆಯ ಭಾಗ. "ತಕರಾರಿದೆ ಸ್ವಾಮಿ. ಸರ್ಕಾರ ಕಳಿಸಿದ ಇಬ್ಬರೂ ಕರಿಯರು. ಕಾರಣ ಕೊಡಬೇಕು."

"ಮಿಸ್ ಬ್ಯಾಸ್ಕಮ್, ಕಾರಣ?"

ಕಾರಣ ತಯಾರಿತ್ತು. ಟೀಚರಾಗಿದ್ದವಳು, ಹುಡುಗರ ಮೇಲೆ ಕನಿಕರ ಜಾಸ್ತಿ. ಕಲ್ಪೆಪರನೇ ಬರೆಸಿದ್ದು. ಅವನ ತುಟಿ ಆ ಮಾತಿಗೆ ಮೊದಲೇ ಅಲ್ಲಾಡುತ್ತಿತ್ತು.

"ಕಾರಣ ಅವರು ಕರಿಯರು ಅನ್ನೋದು, ಸ್ವಾಮಿ," ಎಂದಳು ರೊಶೆಲ್.

ಕಲ್ಪೆಪರನ ತುಟಿ ಅರ್ಧಕ್ಕೇ ನಿಂತಿತು.

"ಬಾಯಿತಪ್ಪಿ ಬಂದಿರಬೇಕು. ಇನ್ನೊಮ್ಮೆ ಹೇಳು," ಎಂದ ಜಡ್ಜ್. ದಯೆಯಿಂದಲೇ ಹೇಳಿದ.

"ತಪ್ಪಿಲ್ಲ ಸ್ವಾಮಿ. ಗಿಬ್ಸ್ ಅವರನ್ನ ಕಳಿಸಿದ್ದೂ ಅದಕ್ಕೇ. ಕಣ್ಣಲ್ಲಿ ಕಣ್ಣಿಟ್ರು, ಇಡ್ಲಿಲ್ಲ, ಕೆಮ್ಮಿದ್ರು, ಚೀಲ ಹಿಡ್ಕೊಂಡ್ರು, ಅದೆಲ್ಲ ನಮಗೆ ಕಲಿಸಿದ ಪಾಠ. ಕಲಿಸಿದವರು ಮೊದಲ ಸಾಲಲ್ಲಿ ಕೂತಿದ್ದಾರೆ. ನನ್ನ ಅಪ್ಪನ ಕೇಸಲ್ಲೂ ಇಂಥ ಕಾರಣವೇ ಇತ್ತು. ಕೇಳೋರಿರ್ಲಿಲ್ಲ. ಇವತ್ತು ಕೇಳಿದ್ರಿ, ಹೇಳ್ದೆ."

ಕಾನೂನು ಇಂಥ ಹೊತ್ತಿಗೆ ಬಹಳ ಸರಳ. ಆ ಕಾರಣ ಬಾಯಿಬಿಟ್ಟು ಹೇಳಿದ ಮೇಲೆ ಜಡ್ಜ್ ಕೇಳಬೇಕಾದ್ದು ಏನೂ ಉಳಿಯುವುದಿಲ್ಲ. ಜ್ಯೂರಿಯಲ್ಲಿ ನಾನು ಉಳಿಯಬೇಕು. ಅಷ್ಟೇ. ಬದುಕಿಡೀ ಅಪೀಲು ಕೇಳಿದ ಮನುಷ್ಯ ಅಷ್ಟನ್ನು ಹೇಳಲಾರದೆ ಕನ್ನಡಕ ಒರೆಸಿಕೊಂಡ. ಕನ್ನಡಕ ಶುಭ್ರವಾಗಿಯೇ ಇತ್ತು.

"ಆರೋಪಿಯ ಕಡೆಯವರು ಏನಂತೀರಿ?" ಎಂದು ವೆಸ್ಲಿಯ ಕಡೆ ತಿರುಗಿದ.

ವೆಸ್ಲಿ ಗೆದ್ದಿದ್ದ. ಗೆದ್ದೆ ಎಂದು ಹೇಳಿದರೆ ಸಾಕಿತ್ತು. ಅವನು ಕಲ್ಪೆಪರನ ಮುಖ ನೋಡಿದ. ಕಲ್ಪೆಪರ್ ತಲೆಯನ್ನು ಒಂದು ಕೂದಲೆಳೆಯಷ್ಟು ಆಡಿಸಿದ.

"ತಕರಾರು ವಾಪಸ್ ತಗೋತೀನಿ, ಸ್ವಾಮಿ," ಎಂದ ವೆಸ್ಲಿ.

ಜಡ್ಜ್ ಬ್ರಾಂಟ್ಲಿಗೆ ಉಸಿರು ಬಂತು. "ತಕರಾರಿಲ್ಲದ ಮೇಲೆ ಕಾರಣದ ಪ್ರಶ್ನೆಯೇ ಇಲ್ಲ. ಆಕೆ ಹೋಗಬಹುದು."

ಏಳುತ್ತೇನೆ ಎಂದು ಆ ಮಗುವಿಗೆ ಮಾತು ಕೊಟ್ಟಿದ್ದೆ. ಜಾಗ್ರತೆ ಏಳುತ್ತೇನೆ ಎಂದಿದ್ದೆ. ಚೀಲ ಮತ್ತೆ ಕೆಳಗಿಟ್ಟೆ. ಬೆನ್ನ ಹಿಂದಿನ ಕೋಟು ಎಳೆದು ವೆಸ್ಲಿಯ ಕಡೆ ಚಾಚಿದೆ.

"ಇದನ್ನ ತಗೋಪ್ಪ. ಕುರ್ಚಿ ಗಟ್ಟಿಯಿದ್ರೂ ಪರವಾಗಿಲ್ಲ. ನಾನು ಇಲ್ಲೇ ಇರ್ತೀನಿ."

ಹುಡುಗ ಕೋಟು ತೆಗೆದುಕೊಂಡ. ಕಿವಿಯವರೆಗೂ ಕೆಂಪಾಗಿದ್ದ. ನಾಚಿಕೆ ಬಂತಲ್ಲ, ಅದೂ ಒಂದು ಒಳ್ಳೆಯ ಗುಣವೇ. ಆದರೆ ಯಾರನ್ನೂ ಕೂರಿಸದ ಗುಣ.

ಕಲ್ಪೆಪರ್ ಎದ್ದು ಬಂದ. ದನಿ ತಗ್ಗಿಸಿದ. "ಅರ್ನೆಟಾ, ಎದ್ದೇಳು. ಇದು ಬರೀ ಕ್ಲಾಸು."

"ಬರೀ ಕ್ಲಾಸಲ್ಲೂ ಕೂರೋಕೆ ಬಿಡಲ್ವಲ್ಲ ಪ್ರೊಫೆಸರೇ."

"ವಿಚಾರಣೆ ಮುಂದುವರೀಬೇಕು."

"ಮುಂದುವರೀಲಿ. ನಾನೂ ಕೇಳ್ತೀನಿ. ಇಷ್ಟು ಶನಿವಾರ ಬಂದಿದ್ದೀನಿ, ಆ ಕಳ್ಳ ಕದ್ದನೋ ಇಲ್ವೋ ಅನ್ನೋದು ಒಂದು ಸಲಾನೂ ನನಗೆ ಗೊತ್ತಾಗ್ಲಿಲ್ಲ."

"ಪೊಲೀಸರನ್ನ ಕರೀಬೇಕಾಗುತ್ತೆ."

"ಯಾವ ಪೊಲೀಸು? ಆ ಸುಳ್ಳು ಪೊಲೀಸಾ?"

ಸುಳ್ಳು ಪೊಲೀಸಿನ ವೇಷದ ಹುಡುಗ ಟೋಪಿ ತೆಗೆದು ಬೆಂಚಿನ ಕೆಳಗಿಟ್ಟ.

"ಆಕೆ ಕೂತಿರ್ಲಿ ಬಿಡಿ," ಎಂದಳು ಮಿಸೆಸ್ ಹ್ಯಾಲೊವೆಲ್. "ನನಗೇನೂ ಇಕ್ಕಟ್ಟಾಗಿಲ್ಲ." ಅವಳಿಗೆ ಅರ್ಥವಾದದ್ದು ಅಷ್ಟೇ. ಆದರೂ ಕಾಲು ಮಡಿಸಿ ನನಗೆ ಜಾಗ ಮಾಡಿದಳು. ಆ ಕೋಣೆಯಲ್ಲಿ ನನಗಾಗಿ ಒಂದಂಗುಲ ಸರಿದವಳು ಅವಳೊಬ್ಬಳೇ.

ವಿಚಾರಣೆ ಮುಂದುವರಿಯಲಿಲ್ಲ. ಒಬ್ಬ ಮುದುಕಿ ಕೂತಿದ್ದಾಳೆಂದು ಅಷ್ಟು ಜನ ವಕೀಲರು ನ್ಯಾಯ ನಡೆಸಲಾರದೆ ಎದ್ದು ಹೋದರು. ಹೋಗುವಾಗ ಚಹಾ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿದರು. ಒಳ್ಳೆಯ ಸಂಸ್ಕಾರ.

ಕೋಣೆ ಖಾಲಿಯಾದ ಮೇಲೆ ಕಲ್ಪೆಪರ್ ರೊಶೆಲ್‌ಳ ಮೇಜಿಗೆ ಬಂದ. ನಾನಿದ್ದೆ. ಬಾಗಿಲಲ್ಲಿ ಕ್ಲೀವನ್ ನಿಂತಿದ್ದ.

"ಜಡ್ಜ್ ಸಾಹೇಬರು ಇನ್ನೂ ಆಫೀಸಲ್ಲಿದ್ದಾರೆ. ಹೋಗಿ ಕ್ಷಮೆ ಕೇಳು. ನಾನು ಸರಿಮಾಡ್ತೀನಿ."

"ಯಾವುದಕ್ಕೆ ಸರ್? ಎಬ್ಬಿಸಿದ್ದಕ್ಕಾ, ಕಾರಣ ಹೇಳಿದ್ದಕ್ಕಾ?"

"ಹೇಳಿದ್ದಕ್ಕೆ."

"ಎಬ್ಬಿಸಿದ್ದಕ್ಕೆ ಕೇಳಿಯಾಗಿದೆ. ಹೇಳಿದ್ದಕ್ಕೆ ಕೇಳಲ್ಲ."

"ಹಾಗಾದ್ರೆ ಕ್ಲಿನಿಕ್ಕಲ್ಲಿ ನಿನಗೆ ಜಾಗ ಇಲ್ಲ. ವೆಸ್ಲಿ ಬರ್ತಾನೆ."

"ಅಪ್ಪನ ಕಡತ?"

"ಯಾವ ಕಡತ?" ಎಂದ ಕಲ್ಪೆಪರ್.

ನಾನು ಬದುಕಿನಲ್ಲಿ ಕೆಟ್ಟ ಮಾತು ಬಹಳ ಕೇಳಿದ್ದೇನೆ. ಬೀದಿಯಲ್ಲಿ ಕೂಗಿ ಅಂದದ್ದೂ ಇದೆ. ಅವೆಲ್ಲಕ್ಕಿಂತ ಕೊಳಕಾದ ಮಾತು ಇದು. ಎಷ್ಟು ಮೆತ್ತಗೆ ಹೇಳಿದ.

ರೊಶೆಲ್ ಕಾಗದ ಜೋಡಿಸಿಕೊಂಡಳು. ದನಿ ನಡುಗಲಿಲ್ಲ. "ಇದರ ಮೇಲೆ ಅಪೀಲು ಎಲ್ಲಿ ಹಾಕ್ಬೇಕು ಸರ್?"

"ಕ್ಲಿನಿಕ್ಕಿನ ವಿಷಯದಲ್ಲಿ ನನ್ನ ಮೇಲೆ ಅಪೀಲಿಲ್ಲ."

ಅಪೀಲು ಕಲಿಸಿ ಹೊಟ್ಟೆ ಹೊರೆಯುವ ಮನುಷ್ಯ. ಅವನ ಮೇಲೆ ಅಪೀಲಿಲ್ಲವಂತೆ. ನಗು ಬಂತು. ನಕ್ಕೆ. ಆಗ ಎದ್ದೆ, ನನ್ನಷ್ಟಕ್ಕೆ ನಾನೇ.

ಭಾನುವಾರ ಕ್ಲೀವನ್ ತನ್ನ ಹಳೆಯ ಗಾಡಿಯಲ್ಲಿ ನಮ್ಮನ್ನು ಜೈಲಿಗೆ ಕರೆದುಕೊಂಡು ಹೋದ. ರೊಶೆಲ್ ಸೋಮವಾರ ಕಡತ ತೆಗೆಯುತ್ತಾರೆ ಎಂದು ಅಪ್ಪನಿಗೆ ಹೋದ ಭೇಟಿಯಲ್ಲೇ ಹೇಳಿಬಿಟ್ಟಿದ್ದಳು. ಡೆಲ್ಮರ್ ಆ ಸೋಮವಾರವನ್ನು ನಂಬಿಕೊಂಡಿದ್ದ.

ಭೇಟಿಯ ಕೋಣೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಮೇಜುಗಳು. ಡೆಲ್ಮರ್ ಬಂದ. ಜೈಲಿನ ಹೊಲದಲ್ಲಿ ಕೂಲಿಯಿಲ್ಲದೆ ಗುದ್ದಲಿ ಹಿಡಿದು ಅಂಗೈ ಮರದ ತೊಗಟೆಯಾಗಿತ್ತು. ಮೊದಲು ನನ್ನನ್ನು ವಿಚಾರಿಸಿದ. "ಮಿಸ್ ಅರ್ನೆಟಾ, ಗಾಡಿ ಕುಲುಕಿ ಸೊಂಟ ನೋವಾಯ್ತಾ?" ಎಂದ. ಆಮೇಲೆ ಮಗಳ ಮುಖ ನೋಡಿದ. ಅವನಿಗೆ ಗೊತ್ತಾಯಿತು.

"ಹೋಯ್ತಾ?" ಎಂದ.

"ಹೋಯ್ತು ಅಪ್ಪ. ನಾನೇ ಕಳ್ಕೊಂಡೆ." ನಡೆದದ್ದೆಲ್ಲ ಹೇಳಿದಳು, ಮೇಜು ನೋಡುತ್ತ, ಸಣ್ಣ ದನಿಯಲ್ಲಿ. "ಬರೆಸಿದ ಮಾತು ಹೇಳಿದ್ರೆ ಸಾಕಿತ್ತು. ನಿನ್ನ ಕಡತ ನಾಳೆ ಅವರ ಮೇಜಿನ ಮೇಲಿರ್ತಿತ್ತು."

ಡೆಲ್ಮರ್ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ನಾನು ನನ್ನ ಕೈ ನೋಡಿಕೊಂಡೆ. ಆ ಮನುಷ್ಯನಿಗೆ ಕೋಪಿಸಿಕೊಳ್ಳುವ ಹಕ್ಕಿತ್ತು.

"ಜಡ್ಜ್ ಮುಂದೆ ಹೇಳ್ದೆಯಾ?" ಎಂದ ಕೊನೆಗೆ.

"ಹೂಂ."

"ಇಷ್ಟೇ ಮೆತ್ತಗಾ?"

"ಇಲ್ಲ. ಎಲ್ರಿಗೂ ಕೇಳೋ ಹಾಗೆ."

"ಹೇಗೆ ಹೇಳ್ದೆ? ಹೇಳು, ನಾನೂ ಕೇಳ್ಬೇಕು."

ರೊಶೆಲ್ ನನ್ನ ಕಡೆ ನೋಡಿದಳು. ಆಮೇಲೆ ಎದ್ದು ನಿಂತಳು. ಕೋರ್ಟಿನಲ್ಲಿ ನಿಂತ ಹಾಗೆಯೇ ನಿಂತಳು.

"ಕಾರಣ ಅವರು ಕರಿಯರು ಅನ್ನೋದು, ಸ್ವಾಮಿ."

ಸುತ್ತಲಿನ ಮೇಜುಗಳಲ್ಲಿ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸರು ತಿರುಗಿದರು. ಅವರ ಗಂಡಂದಿರು ತಿರುಗಿದರು. ಗೋಡೆಗೆ ಒರಗಿದ್ದ ಪಹರೆಯವನು ನೆಟ್ಟಗಾದ.

"ಏಯ್ ಹುಡುಗಿ, ಕೂತ್ಕೊಂಡು ಮಾತಾಡು. ಇಲ್ಲಾಂದ್ರೆ ಭೇಟಿ ಮುಗೀತು."

ಅವಳು ಕೂರಲಿಲ್ಲ. ಪಹರೆಯವನು ಮೇಜಿನ ಹತ್ತಿರ ಬಂದ. ಡೆಲ್ಮರ್ ಅವನ ಕಡೆ ನೋಡಲೇ ಇಲ್ಲ. ಅವನ ಕಣ್ಣು ಮಗಳ ಮೇಲಿತ್ತು.

"ನಿಂತ್ಕೊಂಡೇ ಹೇಳ್ಲಿ ಬಿಡಪ್ಪ," ಎಂದ. "ನನ್ನ ವಕೀಲ ಆವತ್ತು ಎದ್ದೇ ಇರ್ಲಿಲ್ಲ."